ಕೆರೆ ನೀರಿನ ಬಗ್ಗೆ ನಾನು ಕೊಟ್ಟ ಅರ್ಜಿ

ಅರವತ್ತರ ದಶಕದ ಮೊದಲ ವರ್ಷಗಳಲ್ಲಿ ನಾನು ಸರ್ಕಾರಿ ಗುಮಾಸ್ತ, ಮನೆ ಜಯನಗರದಲ್ಲಿ. ಭಾನುವಾರ ಬೆಳಗ್ಗೆ ಪುಟ್ಟೇನಹಳ್ಳಿ ಕೆರೆಯವರೆಗೆ ನಡೆದು ಬರುವುದು ರೂಢಿ. ಅಂಥ ಒಂದು ಬೆಳಗ್ಗೆ, ಕೆರೆಗೆ ನೀರು ತರುವ ಕಾಲುವೆಯ ಪಕ್ಕದಲ್ಲಿ, ಲೋಹದ ಸಾಮಾನಿಗೆ ಹೊಳಪು ಕೊಡುವ ಹೊಸ ಶೆಡ್ಡಿನ ಹಿಂದೆ ಎರಡು ಡ್ರಮ್ಮು ಉರುಳಿಬಿದ್ದಿದ್ದವು. ಅವುಗಳಿಂದ ಹರಿದ ಹಳದಿ ನೀರು ಕೆರೆ ಸೇರಿತ್ತು. ಹರಿದ ದಾರಿಯ ಹುಲ್ಲು ಸುಟ್ಟಂತೆ ಕಂದಾಗಿತ್ತು. ದಡದಲ್ಲಿ ಸತ್ತ ಮೀನುಗಳನ್ನು ಎಣಿಸಿದೆ, ಹನ್ನೊಂದು. ಶೆಡ್ಡಿಗೆ ಬೀಗ ಹಾಕಿತ್ತು.

ಮನೆಗೆ ಬಂದವನೇ ಅರ್ಜಿ ಬರೆಯಲು ಕುಳಿತೆ. ಕಚೇರಿಯ ಅಭ್ಯಾಸದಂತೆ ಮೊದಲು ಕರಡು, ಆಮೇಲೆ ಶುದ್ಧ ಪ್ರತಿ, ನನಗೊಂದು ನಕಲು. ಸಂಜೆಯಾಯಿತು.

ಸೋಮವಾರ ಬೆಳಗ್ಗೆ ಹಾಲಿನಾಕೆ ಎಂದಿನಂತೆ ಪುಟ್ಟೇನಹಳ್ಳಿಯಿಂದ ಹಸು ಹೊಡೆದುಕೊಂಡು ಬಂದು, ನಮ್ಮ ಬಾಗಿಲಲ್ಲೇ ಹಾಲು ಕರೆದು ಕೊಟ್ಟಳು. ನಾನು ಜಗಲಿಯ ಮೇಲೆ ಕುಳಿತು ಅರ್ಜಿಯನ್ನು ಕೊನೆಯ ಸಲ ಓದುತ್ತಿದ್ದೆ. ತಲೆ ಎತ್ತಲಿಲ್ಲ.

ಆರೋಗ್ಯ ಕಚೇರಿಯ ಅಧಿಕಾರಿ ಅರ್ಜಿ ಓದಿ, ಅಕ್ಷರ ಚೆನ್ನಾಗಿದೆ ಎಂದರು. ಆ ಕೆರೆ ನಗರದ ಎಲ್ಲೆಯಲ್ಲಿಲ್ಲ, ತಾಲ್ಲೂಕು ಕಚೇರಿಗೆ ಕೊಡಿ ಎಂದರು. ತಾಲ್ಲೂಕು ಕಚೇರಿಯಲ್ಲಿ ಮುದ್ರೆ ಒತ್ತಿ ತೆಗೆದುಕೊಂಡರು. ನನ್ನ ಕೆಲಸ ಮುಗಿಯಿತೆಂದು ಸಮಾಧಾನದಿಂದ ಬಂದೆ.

ಮಂಗಳವಾರ ಹಾಲಿನಾಕೆ ಹಸುವಿಲ್ಲದೆ ಬಂದಳು. ನಿನ್ನೆ ಮಧ್ಯಾಹ್ನ ಕಾಲುವೆ ಬಾಯಲ್ಲಿ ನೀರು ಕುಡಿದದ್ದು ಸಂಜೆಗೆಲ್ಲ ಹೊಟ್ಟೆ ಉಬ್ಬಿ ಸತ್ತಿತು, ಬೇರೆ ಕಡೆ ಹಾಲು ನೋಡಿಕೊಳ್ಳಿ ಎಂದು ಹೇಳಿಹೋಗಲು ಬಂದಿದ್ದಳು.

"ಆ ನೀರು ಕೆಟ್ಟಿದೆ ಅಂತ ಸರ್ಕಾರಕ್ಕೆ ಬರೆದು ಕೊಟ್ಟಿದ್ದೀನಮ್ಮ" ಎಂದೆ.

ಅವಳು ನನ್ನನ್ನೇ ನೋಡಿದಳು. "ಯಾವಾಗ ನೋಡಿದ್ರಿ ಸ್ವಾಮಿ?"

"ಭಾನುವಾರ."

"ನಿನ್ನೆ ಇಲ್ಲೇ ಕೂತ್ಕೊಂಡು ಹಾಲು ಕರೆದ್ನಲ್ಲ. ನೀವೂ ಇಲ್ಲೇ ಇದ್ರಿ."

ಬೈಯಲಿಲ್ಲ. ಊರಿನವರಿಗೆ ಹೇಳಬೇಕೆಂಬುದು ಎರಡು ದಿನದಲ್ಲಿ ಒಮ್ಮೆಯೂ ನನಗೆ ಹೊಳೆದಿರಲಿಲ್ಲ. ತಿಳಿಸುವುದೆಂದರೆ ಮೇಲಿನವರಿಗೆ ತಿಳಿಸುವುದು ಎಂದೇ ನಾನು ತಿಳಿದಿದ್ದೆ.

"ಊರಲ್ಲಿ ಬೇರೆಯವರಿಗೆ ಗೊತ್ತಾ?" ಎಂದು ಕೇಳಿದೆ. ಹಾವು ಕಚ್ಚಿರಬೇಕು ಅಂದುಕೊಂಡಿದ್ದಾರೆ ಎಂದಳು.

ಚಪ್ಪಲಿ ಮೆಟ್ಟಿ ಅವಳ ಜೊತೆ ಹೊರಟೆ. ಅರ್ಧ ದಾರಿಯಿಂದ ಇಬ್ಬರೂ ಓಡಿದೆವು. ಕೆರೆಯ ಏರಿ ಹತ್ತಿ ನೋಡಿದಾಗ, ಕಾಲುವೆ ಬಂದು ಸೇರುವ ಕಡೆಯೇ ಆರೇಳು ಎಮ್ಮೆಗಳು ಕುತ್ತಿಗೆಯವರೆಗೆ ನೀರಿನಲ್ಲಿ ಮುಳುಗಿ ನಿಂತಿದ್ದವು.