ತಾರ್ನಾಕದ ಮನೆಯಲ್ಲಿ ತಣ್ಣನೆಯ ಡಿಕಾಕ್ಷನ್

ನಾನು ಹೈದರಾಬಾದಿಗೆ ಬಂದ ಮೊದಲ ಶನಿವಾರ ಸಂಜೆ ನನ್ನ ತಮ್ಮನ ಮಗಳು ಅನು ಒಂದು ಕೆಲಸ ಮಾಡಿದಳು. ಹಾಸನದಿಂದ ನಾನು ಹೊತ್ತು ತಂದ ಪುಡಿಯಲ್ಲಿ ಇಳಿಸಿದ್ದ ಡಿಕಾಕ್ಷನ್ನನ್ನು ಗಾಜಿನ ಲೋಟದಲ್ಲಿದ್ದ ಐಸಿನ ಮೇಲೆ ಸುರಿದಳು. ಅದರ ಮೇಲೆ ರಮ್ ಹಾಕಿದಳು. ನಾನು ಅಡುಗೆಮನೆಯ ಬಾಗಿಲಲ್ಲೇ ನಿಂತುಬಿಟ್ಟೆ. ರಮ್ಮಿಗಿಂತ ಐಸನ್ನು ನೋಡಿ ನನಗೆ ಜಾಸ್ತಿ ಶಾಕ್ ಆಯಿತು ಎಂದರೆ ನೀವು ನಗಬಹುದು. ಆದರೆ ಹಾಸನದವರಿಗಾದರೂ ಅರ್ಥವಾಗುತ್ತದೆ. ನಮ್ಮಲ್ಲಿ ಮನೆಗೆ ಬಂದವರಿಗೆ ಆರಿದ ಕಾಫಿ ಕೊಡುವುದೂ ಒಂದೇ, ಯಾಕೆ ಬಂದಿರಿ ಎಂದು ಕೇಳುವುದೂ ಒಂದೇ. ನಮ್ಮಜ್ಜಿ ಒಂದು ಮನೆಯವರ ಸುದ್ದಿ ಬಂದಾಗಲೆಲ್ಲ ‘ಆರಿದ ಕಾಫಿಯವರು’ ಎಂದೇ ಹೇಳುತ್ತಿದ್ದಳು. ಆ ಮನೆಯ ನಿಜವಾದ ಹೆಸರು ನನಗೆ ಇವತ್ತಿಗೂ ಗೊತ್ತಿಲ್ಲ.

“ಕಾಕ್‌ಟೇಲ್ ಅತ್ತೆ,” ಅಂದಳು ಅನು. “ಇಲ್ಲಿ ಎಲ್ಲರೂ ಮನೇಲೇ ಮಾಡ್ಕೋತಾರೆ.”

ಇಲ್ಲಿ ಎಲ್ಲರೂ ಎಂದರೆ ಮಾದಾಪುರದ ಅವಳ ಆಫೀಸಿನವರು. ಅಲ್ಲಿ ಬೆಟ್ಟದಷ್ಟು ದೊಡ್ಡ ಬಂಡೆಗಳನ್ನು ಸಿಡಿಸಿ ಗಾಜಿನ ಕಟ್ಟಡಗಳನ್ನು ಎಬ್ಬಿಸುತ್ತಿದ್ದಾರೆ. ಮೊನ್ನೆ ಬಂಡೆ ಇದ್ದ ಜಾಗದಲ್ಲಿ ಇವತ್ತು ರಿಸೆಪ್ಷನ್ ಡೆಸ್ಕ್ ಇರುತ್ತದಂತೆ. ಅಷ್ಟು ದೂರದಿಂದ ಕ್ಯಾಬ್ ಬಂದು ಬೆಳಿಗ್ಗೆ ಇವಳನ್ನು ಎತ್ತಿಕೊಂಡು ಹೋಗುತ್ತದೆ. ಮನೆಯನ್ನು ಮಾತ್ರ ಅವಳು ತಾರ್ನಾಕದಲ್ಲೇ ಕೊಂಡದ್ದು ನನಗಾಗಿ. ಪಕ್ಕದಲ್ಲಿ ಯೂನಿವರ್ಸಿಟಿಯ ಹಳೆಯ ಮರಗಳಿವೆ, ಮುಂಜಾನೆ ವಾಕಿಂಗಿಗೆ ನನ್ನ ವಯಸ್ಸಿನವರು ಸಿಗುತ್ತಾರೆ. ಮೂವತ್ತೈದು ವರ್ಷ ಇಂಗ್ಲಿಷ್ ಟೀಚರ್ ಆಗಿ, ಮದುವೆಯಾಗದೆ, ತಮ್ಮನ ಮನೆಯ ಮಹಡಿಯ ಕೋಣೆಯಲ್ಲಿದ್ದವಳು ನಾನು. ಅನು ಫ್ಲ್ಯಾಟ್ ಕೊಂಡು, “ಅತ್ತೆ, ನನ್ನ ಜೊತೆ ಬಂದಿರು,” ಎಂದಾಗ ಎರಡು ಟ್ರಂಕಿನೊಂದಿಗೆ ಹೊರಟುಬಂದೆ. ಅರವತ್ತೆಂಟಕ್ಕೆ ಊರು ಬಿಡುವುದು ಸುಲಭವಲ್ಲ, ಐ ಕ್ಯಾನ್ ಟೆಲ್ ಯೂ.

ಹಾಸನದಲ್ಲಿ ಬೀದಿಗಿಳಿದರೆ ‘ಕಾಫಿ ಆಯ್ತಾ’ ಎನ್ನುವವರು ನಾಲ್ಕು ಜನ ಸಿಗುತ್ತಾರೆ. ಉತ್ತರಕ್ಕಾಗಿ ಕೇಳುವುದಲ್ಲ ಅದು, ನೀನಿದ್ದೀಯ ಎಂದು ನೋಡಿಕೊಳ್ಳುವುದು. ಇಲ್ಲಿ ಯಾರೂ ಹಾಗೆ ಕೇಳುವುದಿಲ್ಲ. ಇದು ಚಾಯ್ ಊರು. ಇರಾನಿ ಹೋಟೆಲುಗಳಲ್ಲಿ ಹಾಲು ಬೇರೆ, ಡಿಕಾಕ್ಷನ್ ಬೇರೆ ಕಾಯಿಸಿ ಕೊಡುತ್ತಾರೆ. ಡಿಕಾಕ್ಷನ್ ಎಂಬ ಮಾತು ಕಿವಿಗೆ ಬಿದ್ದು ಒಂದು ದಿನ ಖುಷಿಯಿಂದ ಒಳಗೆ ನುಗ್ಗಿದರೆ, ಅದು ಟೀ ಡಿಕಾಕ್ಷನ್. ಚೆನ್ನಾಗಿಯೇ ಇತ್ತು. ಆದರೂ ಹೊರಗೆ ಬರುವಾಗ ಅಳು ಬಂತು. ತಂದ ಪುಡಿ ಎರಡು ತಿಂಗಳಿಗೆ ಮುಗಿಯಿತು. ಸುಲ್ತಾನ್ ಬಜಾರಿನಲ್ಲಿ ಸೀರೆಯಂಗಡಿಗಳ ನಡುವೆ ಮೂರು ಸಲ ದಾರಿ ತಪ್ಪಿ, ಮೂಗು ತೋರಿದ ಕಡೆ ನಡೆದು, ಒಂದು ಗಲ್ಲಿಯಲ್ಲಿ ಕಾಫಿಬೀಜ ಹುರಿಯುವ ಅಂಗಡಿ ಹಿಡಿದೆ. ಅರ್ಧ ಹಿಂದಿ, ಕಾಲು ತೆಲುಗು, ಮಿಕ್ಕದ್ದು ಕೈಸನ್ನೆ. ಪೊಟ್ಟಣ ಬೆಚ್ಚಗಿತ್ತು. ಆಟೋದಲ್ಲಿ ಅದನ್ನು ಮಡಿಲಲ್ಲಿ ಇಟ್ಟುಕೊಂಡು ಬಂದೆ. ಈ ಊರಿನಲ್ಲಿ ನನ್ನ ಮೊದಲ ಗೆಲುವು ಅದು.

ರಮ್ಮಿನ ವಿಷಯಕ್ಕೆ ಬರುತ್ತೇನೆ. ಮೊದಲ ವಾರ ಮುಖ ತಿರುಗಿಸಿಕೊಂಡಿದ್ದೆ. ಎರಡನೇ ವಾರ ಆ ವಾಸನೆ ಎಲ್ಲಿಯದು ಎಂದು ಹೊಳೆಯಿತು. ನಮ್ಮ ಕಾನ್ವೆಂಟಿನಲ್ಲಿ ಕ್ರಿಸ್ಮಸ್ ಕೇಕಿಗೆ ಸಿಸ್ಟರುಗಳು ಒಣದ್ರಾಕ್ಷಿ ನೆನೆಸಿಡುತ್ತಿದ್ದ ಜಾಡಿಯ ವಾಸನೆ! ಅಂದರೆ ನಾನು ಹತ್ತು ವರ್ಷಕ್ಕೇ ರಮ್ ತಿಂದವಳು. ಒಂದು ಚಮಚ ಕೊಡು ಎಂದೆ. ರುಚಿ ನೋಡಿ ಹೇಳಿದೆ, “ರಮ್ ಸರಿಯಾಗಿದೆ ಕಣೆ. ಡಿಕಾಕ್ಷನ್ ನೀರು.” ಬೆಳಿಗ್ಗೆ ಕಾಫಿಗೆ ಗಟ್ಟಿಯದನ್ನು ಬಳಸಿ, ಅದೇ ಪುಡಿಯ ಮೇಲೆ ಎರಡನೇ ಸಲ ನೀರು ಹಾಕಿ ಇಳಿಸಿದ್ದನ್ನು ಇವಳು ಕಾಕ್‌ಟೇಲಿಗೆ ಸುರಿಯುತ್ತಿದ್ದಳು. ಐಸೂ ಕರಗುತ್ತದೆ, ಇದೂ ತೆಳು. ಮತ್ತೆ ಕಾಫಿ ಎಲ್ಲಿರುತ್ತದೆ? ಆ ಶನಿವಾರದಿಂದ ಆ ಡಿಪಾರ್ಟ್‌ಮೆಂಟ್ ನನ್ನದಾಯಿತು.

ಕಲಿತೆ. ಕಲಿಯುವುದಕ್ಕೆ ನನಗೆ ಯಾವತ್ತೂ ನಾಚಿಕೆಯಿಲ್ಲ. ಇದಕ್ಕೆ ಚಿಕೋರಿ ಬೇಡ, ನಾಲಿಗೆಯ ಮೇಲೆ ಮಣ್ಣಿನ ಹಾಗೆ ಕೂರುತ್ತದೆ. ಸಕ್ಕರೆ ಪಾಕಕ್ಕಿಂತ ಬೆಲ್ಲದ ಪಾಕ ರಮ್ಮಿಗೆ ಒಗ್ಗುತ್ತದೆ, ಎರಡೂ ಕಬ್ಬಿನ ಮಕ್ಕಳು ತಾನೆ. ಮೇಲೆ ಜಾಯಿಕಾಯಿ ಎರಡು ಸಲ ಉಜ್ಜಿದರೆ ಸಾಕು. ಅಳತೆಗೆ ಪೆಗ್ ಮೆಷರ್ ಇರಲಿಲ್ಲವಾಗಿ ನಮ್ಮಮ್ಮನ ಬೆಳ್ಳಿ ಒಳಲೆಯನ್ನು ಟ್ರಂಕಿನಿಂದ ತೆಗೆದೆ. ಅನು ಕೂಸಾಗಿದ್ದಾಗ ಹಾಲು, ಔಷಧಿ ಕುಡಿದ ಒಳಲೆ. ಒಂದು ಒಳಲೆ ರಮ್ಮಿಗೆ ಎರಡು ಒಳಲೆ ಡಿಕಾಕ್ಷನ್, ಅರ್ಧ ಒಳಲೆ ಪಾಕ. ಪಾತ್ರೆ ತೊಳೆಯಲು ಬರುವ ನೀಲಮ್ಮ ಗುರುಮಠಕಲ್ ಕಡೆಯವಳು. ಗಂಡನಿಗೆ ಮಾದಾಪುರದ ಕಟ್ಟಡಗಳಲ್ಲಿ ಸೆಂಟ್ರಿಂಗ್ ಕೆಲಸ. ಹೊರಗೆಲ್ಲ ತೆಲುಗು ಮಾತಾಡಿ ಬಂದು ನನ್ನ ಅಡುಗೆಮನೆಯಲ್ಲಿ ಕನ್ನಡ ಬಿಚ್ಚುತ್ತಾಳೆ. ಅವಳು ನೋಡಿ, “ಅಮ್ಮಾರ, ಕೂಸಿಗೆ ಔಡಲೆಣ್ಣಿ ಹಾಕೂದ್ರಾಗ ದಾರೂ ಅಳಿಯಾಕತ್ತೀರಲ್ರಿ,” ಅಂದಳು. ನಾನು ಅದು ಪಕ್ಕಾ ಅಳತೆ ಎಂದೆ. ನನಗೇ ನಗು ತಡೆಯಲಿಲ್ಲ.

ಒಂದೇ ಒಂದು ಪಾಠ ಮಾತ್ರ ತಲೆಗೆ ಹತ್ತಲಿಲ್ಲ. ಇದನ್ನು ಶೇಕರಿನಲ್ಲಿ ಕುಲುಕಬೇಕು. ಶೇಕರ್ ಎಂದರೆ ಬಿಗಿ ಮುಚ್ಚಳದ ಉದ್ದನೆಯ ಸ್ಟೀಲ್ ಡಬ್ಬ. ಕುಲುಕುವ ಮೊದಲು ಡಿಕಾಕ್ಷನ್ ಪೂರ್ತಿ ಆರಿರಬೇಕು ಎಂದು ಅನು ಸಾವಿರ ಸಲ ಹೇಳಿದ್ದಳು. ಕೈ ಕೇಳಬೇಕಲ್ಲ. ಆರಿದ ಡಿಕಾಕ್ಷನ್ ಎಂದರೆ ಐವತ್ತು ವರ್ಷದಿಂದ ಚೆಲ್ಲಿ ಅಭ್ಯಾಸ. ಒಂದು ದಿನ ಅವಳಿಲ್ಲದಾಗ, ಐಸು ಆಮೇಲೆ ಹಾಕಿದರಾಯಿತು ಎಂದುಕೊಂಡು ಹೊಗೆಯಾಡುವ ಡಿಕಾಕ್ಷನ್ನನ್ನೇ ರಮ್ಮಿನ ಜೊತೆ ಡಬ್ಬಕ್ಕೆ ಸುರಿದು ಕುಲುಕಿದೆ. ಮೂರನೇ ಕುಲುಕಿಗೆ ಮುಚ್ಚಳ ಹಾರಿತು. ಕ್ಯಾಲೆಂಡರಿನ ಮೇಲೆ, ಗೋಡೆಯ ಮೇಲೆ, ನೀಲಮ್ಮನ ಸೆರಗಿನ ಮೇಲೆ ಕಾಫಿ. ಪುಣ್ಯಕ್ಕೆ ಯಾರ ಮೈಯೂ ಸುಡಲಿಲ್ಲ. ನೀಲಮ್ಮ ಸೆರಗು ಹಿಂಡಿಕೊಳ್ಳುತ್ತಾ, “ಕಾಫಿ ಕುಡಿಯಾಕ ಇಷ್ಟ್ ಯುದ್ಧ ಯಾಕ್ರೀ? ನಮ್ ಮನ್ಯಾಗ ಚಾ ಸುಮ್ನ ಕುದಿತೈತಿ,” ಎಂದಳು. ಅವಳಿಗೆ ನನ್ನದೊಂದು ಸೀರೆ ಕೊಟ್ಟೆ. ಅಂದಿನಿಂದ ಡಿಕಾಕ್ಷನ್ ಇಳಿಸಿ, ಫ್ರಿಜ್ಜಿಗಿಟ್ಟು, ಅದನ್ನು ಮರೆಯಲು ವಾಕಿಂಗಿಗೆ ಹೋಗುವುದನ್ನು ರೂಢಿ ಮಾಡಿಕೊಂಡೆ. ತಣ್ಣಗಾದದ್ದನ್ನು ಐಸಿನ ಜೊತೆ ಕುಲುಕಿದರೆ ಏಳುವ ನೊರೆ ಇದೆಯಲ್ಲ, ನಮ್ಮೂರ ಹೋಟೆಲಿನ ಭಟ್ಟರು ಮಾರುದ್ದ ಎತ್ತಿ ಸುರಿದರೂ ಅಂಥದ್ದು ಬರುವುದಿಲ್ಲ. ಮಖಮಲ್.

ಶನಿವಾರಗಳಲ್ಲಿ ಶ್ರೀಕರ್ ಬರುತ್ತಿದ್ದ. ಅನುವಿನ ಆಫೀಸಿನವನು, ತೆಲುಗಿನವನು. ಮನೆ ಸಿಕಂದರಾಬಾದಿನ ಆಚೆ, ತಂದೆ ಮಿಲಿಟರಿಯಿಂದ ರಿಟೈರ್ ಆದವರು. ಹುಡುಗ ಕುಡಿದ ಲೋಟವನ್ನು ತಾನೇ ತೊಳೆದಿಡುತ್ತಿದ್ದ. ಇಬ್ಬರೂ ಮದುವೆಯಾಗುತ್ತೇವೆ ಎಂದಾಗ ನನಗೆ ಆಶ್ಚರ್ಯವೇನೂ ಆಗಲಿಲ್ಲ. ಹಾಸನದಲ್ಲಿ ನನ್ನ ತಮ್ಮನಿಗೆ ಮಾತ್ರ ಆಕಾಶ ಕಳಚಿಬಿತ್ತು. ಜಾತಿ ಬೇರೆ, ಭಾಷೆ ಬೇರೆ, ಮೇಲೆ ಅವರ ಮನೆಯಲ್ಲಿ ಸಂಜೆಗೆ ಕುಡಿಯುತ್ತಾರೆ. ಅವನಿಗೆ ಆ ಮೂರನೆಯದೇ ದೊಡ್ಡದು. ಹುಡುಗನ ತಂದೆತಾಯಿ ಮಾತುಕತೆಗೆ ಬರುವ ದಿನ ಗೊತ್ತಾದಾಗ ತಾನು ಬರುವುದಿಲ್ಲ ಎಂದ. ಅವನ ಹೆಂಡತಿಯೂ ಬಾಯಿಮುಚ್ಚಿಕೊಂಡಳು. ಹೆಣ್ಣಿನ ಕಡೆಗೆ ಹಿರಿಯಳೆಂದು ಉಳಿದವಳು ನಾನೊಬ್ಬಳೇ.

ಶ್ರೀಕರನನ್ನು ಕೂರಿಸಿಕೊಂಡು ಕೇಳಿದೆ, ನಿಮ್ಮಪ್ಪನಿಗೆ ಏನು ಕೊಡಬೇಕು. ಅವನು ಮುಜುಗರದಿಂದ ಹೇಳಿದ. ಏಳು ಗಂಟೆಗೆ ಒಂದೇ ಒಂದು ಡ್ರಿಂಕ್, ಸರ್ವಿಸಿನ ದಿನಗಳ ಅಭ್ಯಾಸ. ಕೊಡದ ಮನೆಯಲ್ಲಿ ಅವರು ಸಿಟ್ಟಾಗುವುದಿಲ್ಲ, ಹವಾಮಾನದ ಬಗ್ಗೆ ಮರ್ಯಾದೆಯಾಗಿ ಮಾತಾಡಿ ಬೇಗ ಎದ್ದು ಹೋಗುತ್ತಾರೆ, ಅಷ್ಟೆ. ನನಗೆ ತಟ್ಟನೆ ತಿಳಿಯಿತು. ನಮಗೆ ಕಾಫಿ ಏನೋ ಅವರಿಗೆ ಅದು. ಕೊಡದಿದ್ದರೆ ಅವರ ಪಾಲಿಗೆ ನಾವೇ ಆರಿದ ಕಾಫಿಯವರು. ತಮ್ಮನಿಗೆ ಫೋನಿನಲ್ಲಿ ಹೇಳಿಯೇ ಮಾಡುತ್ತೇನೆ ಎಂದುಕೊಂಡೆ, ಕದ್ದು ಮಾಡುವ ಅಭ್ಯಾಸ ನನಗಿಲ್ಲ.

“ಅಕ್ಕ, ನೀನು ಆ ಜನದ ಮುಂದೆ ನಿಂತು ಗ್ಲಾಸ್ ತುಂಬಿಸ್ತೀಯಾ?” ಅಂದ. “ತುಂಬಿಸಿದ ಮೇಲೆ ಈ ಮನೆಗೆ ಯಾವ ಮುಖ ಇಟ್ಕೊಂಡು ಬರ್ತೀಯ?”

ಇರುವುದು ಒಂದೇ ಮುಖ ಕಣೋ ಎಂದೆ. ಧೈರ್ಯದಿಂದ ಹೇಳಿದ್ದಲ್ಲ, ಬಾಯಿಗೆ ಬಂದದ್ದು. ಫೋನಿಟ್ಟು ಕುಳಿತೆ. ಮಹಡಿಯ ಆ ಕೋಣೆಯಲ್ಲಿ ನನ್ನ ಪುಸ್ತಕಗಳು ಇನ್ನೂ ಇದ್ದವು. ನಾನು ಸತ್ತರೆ ಅಲ್ಲಿಂದಲೇ ಹೊರಡುತ್ತೇನೆ ಎಂದುಕೊಂಡಿದ್ದವಳು. ಅನುವಿಗೆ ಇದನ್ನು ಹೇಳಲಿಲ್ಲ.

ಅವರು ಬಂದರು. ಕರ್ನಲ್ ಸಾಹೇಬರು ನೆಟ್ಟಗೆ ಕುಳಿತರು. ಅವರ ಹೆಂಡತಿ ವಸುಂಧರಾ ಗಾರು ನನ್ನ ಹೂಕುಂಡಗಳನ್ನು ನೋಡಿದರು. ಗಾರು ಎಂದರೆ ನಮ್ಮ ‘ಅವರು’, ಹೆಸರಿನ ಹಿಂದೆ ಮರ್ಯಾದೆಗೆ ಸೇರಿಸುವುದು. ಮಾತೆಲ್ಲ ಇಂಗ್ಲಿಷಿನಲ್ಲಿ. ಸಿಸ್ಟರುಗಳ ಬೆತ್ತಕ್ಕೆ ಅವತ್ತು ಥ್ಯಾಂಕ್ಸ್ ಹೇಳಿದೆ. ನನ್ನ ತಮ್ಮ ಯಾಕೆ ಬಂದಿಲ್ಲ ಎಂದು ಅವರು ಕೇಳಲಿಲ್ಲ. ಕೇಳಲಿಲ್ಲವೆಂಬುದೇ ಕೋಣೆಯಲ್ಲಿ ಕುಳಿತಿತ್ತು. ಸಾಹೇಬರು ಮಳೆಯ ಬಗ್ಗೆ ಎರಡು ಮಾತಾಡಿ ಗಡಿಯಾರ ನೋಡಿದರು. ನಾನು ಎದ್ದೆ.

ಐದು ಗಾಜಿನ ಲೋಟ. ಒಳಲೆಯ ಅಳತೆ ತಪ್ಪಲಿಲ್ಲ. ವಸುಂಧರಾ ಗಾರು ತಾವು ಮುಟ್ಟುವುದಿಲ್ಲ ಎಂದಿದ್ದರಿಂದ ಅವರಿಗೂ ನನಗೂ ರಮ್ ಬಿಟ್ಟು, ಬಾಕಿಯೆಲ್ಲ ಅದೇ. ನೊರೆ ಐದರಲ್ಲೂ ಒಂದೇ ಎತ್ತರ. ಟ್ರೇಯಲ್ಲಿಟ್ಟು, ಪಕ್ಕದಲ್ಲಿ ನಿಂತಿದ್ದ ಅನುವಿನ ಕೈಗೆ ಚಾಚಿದೆ.

ಅವಳ ಮುಖ ಕಲ್ಲಾಯಿತು. ಆಗ ನನಗೆ ಎಚ್ಚರವಾಯಿತು. ಹುಡುಗಿಯನ್ನು ನೋಡಲು ಬಂದವರ ಮುಂದೆ ಹುಡುಗಿಯೇ ಕಾಫಿ ಟ್ರೇ ಹಿಡಿದು ತಲೆತಗ್ಗಿಸಿ ಹೋಗುವುದು. ನಾನೂ ಹಾಸನದ ನಮ್ಮ ನಡುಮನೆಗೆ ಹಾಗೆ ಐದು ಸಲ ಹೋಗಿದ್ದೆ. ಐದು ಸಲವೂ ಬಂದವರು ಕಾಫಿ ಚೆನ್ನಾಗಿದೆ ಎಂದು ಹೇಳಿ ಹೋಗಿ ಕಾಗದ ಹಾಕಲಿಲ್ಲ. ಆರನೆಯ ಸಲ ಟ್ರೇ ಮುಟ್ಟುವುದಿಲ್ಲ ಎಂದು ಹಟ ಹಿಡಿದೆ. ಅಂಥವಳು ಈಗ ಅದೇ ಟ್ರೇಯನ್ನು ಈ ಮಗುವಿನ ಕೈಗೆ ಕೊಡುತ್ತಿದ್ದೆ. ಅಭ್ಯಾಸ ಎಷ್ಟು ಆಳಕ್ಕೆ ಇಳಿದಿರುತ್ತದೆ ನೋಡಿ.

ಟ್ರೇ ತಿರುಗಿಸಿದೆ. ಬಾಗಿಲಲ್ಲಿ ಇಣುಕುತ್ತಿದ್ದ ಶ್ರೀಕರನಿಗೆ, “ನೀನು ತಗೊಂಡು ಹೋಗಪ್ಪ,” ಎಂದೆ.

ಅವನು ಎರಡು ಕೈಯಲ್ಲಿ ಹಿಡಿದು, ಲೋಟಗಳ ಮೇಲೇ ಕಣ್ಣಿಟ್ಟು, ಹೆಜ್ಜೆಯ ಮೇಲೆ ಹೆಜ್ಜೆ ಇಡುತ್ತಾ ಹೋದ. ಅವನ ತಾಯಿ ನೋಡಿದರು. ಆಮೇಲೆ ಅವರು ಬಾಯಿಗೆ ಸೆರಗು ಒತ್ತಿಕೊಂಡು ನಗತೊಡಗಿದರು. “ಈ ರೋಜು ಮಾ ಅಬ್ಬಾಯಿಕಿ ಪೆಳ್ಳಿಚೂಪುಲು,” ಅಂದರು. ಪೆಳ್ಳಿಚೂಪುಲು ಎಂದರೆ ನಮ್ಮ ಹೆಣ್ಣು ನೋಡುವ ಶಾಸ್ತ್ರ. ಇವತ್ತು ನಮ್ಮ ಹುಡುಗನನ್ನು ನೋಡುವ ಶಾಸ್ತ್ರ ಎಂದು ಅವರು ಹೇಳಿದ್ದು. ಅನು ನಕ್ಕಳು. ಸಾಹೇಬರು ಒಂದು ಗುಟುಕು ಕುಡಿದು, ಲೋಟ ಕೆಳಗಿಟ್ಟು, ಮತ್ತೆ ಎತ್ತಿ ಇನ್ನೊಂದು ಗುಟುಕು ಕುಡಿದರು. ನಲವತ್ತು ವರ್ಷದಲ್ಲಿ ಎಷ್ಟೋ ಮೆಸ್ಸುಗಳಲ್ಲಿ ಕುಡಿದಿದ್ದೇನೆ, ಇದನ್ನು ಯಾರೂ ಕೊಟ್ಟಿರಲಿಲ್ಲ ಎಂದರು. ಎಲ್ಲಿ ಕಲಿತಿರಿ ಎಂದು ಕೇಳಿದರು. ಡಿಕಾಕ್ಷನ್ ಹಾಸನದಲ್ಲಿ, ಬಾಕಿಯದ್ದು ತಾರ್ನಾಕದಲ್ಲಿ ಎಂದೆ. ಹೆಮ್ಮೆಯಿಂದಲೇ ಹೇಳಿದೆ. ಯಾಕೆ ಮುಚ್ಚಿಡಲಿ?

ಅವರು ಬೇಗ ಎದ್ದು ಹೋಗಲಿಲ್ಲ. ಊಟವಾದ ಮೇಲೆ ವಸುಂಧರಾ ಗಾರು ಬ್ಯಾಗಿನಿಂದ ಪೆನ್ನು, ಹಾಳೆ ತೆಗೆದು ನನ್ನ ಮುಂದಿಟ್ಟರು. ಲಗ್ನಪತ್ರಿಕೆಯಲ್ಲಿ ಹೆಣ್ಣಿನ ಮನೆ ಎಂದು ಯಾವ ವಿಳಾಸ ಹಾಕಿಸಬೇಕು, ಬರೆದುಕೊಡಿ ಎಂದರು. ಪೆನ್ನು ಹಿಡಿದು ಕುಳಿತೆ. ಮೊದಲು ತಮ್ಮನ ಹೆಸರು, ಹಾಸನದ ಮನೆ, ಬೀದಿ. ಬರಲಿಲ್ಲವೆಂದು ಅಪ್ಪನ ಹೆಸರನ್ನು ಅಳಿಸಲಾಗುತ್ತದೆಯೇ? ಅದರ ಕೆಳಗೆ ನನ್ನ ಹೆಸರು, ಈ ಫ್ಲ್ಯಾಟು, ತಾರ್ನಾಕ. ಬರೆದು ಮುಗಿಸಿದ ಮೇಲೆ ನೋಡುತ್ತೇನೆ, ಎರಡೂ ಕಡೆಯ ಪಿನ್ ಕೋಡನ್ನು ಯಾರನ್ನೂ ಕೇಳದೆ ಬರೆದಿದ್ದೆ. ಈ ಊರಿನದು ಯಾವಾಗ ಬಾಯಿಗೆ ಬಂತೋ ನನಗೇ ಗೊತ್ತಿಲ್ಲ.

ಮಾರನೆಯ ಬೆಳಿಗ್ಗೆ ಹಾಸನಕ್ಕೆ ಫೋನ್ ಮಾಡಿ ನಡೆದದ್ದನ್ನೆಲ್ಲ ಹೇಳಿದೆ. ರಮ್ಮನ್ನೂ ಬಿಡಲಿಲ್ಲ. ಪತ್ರಿಕೆಯಲ್ಲಿ ನಿನ್ನ ಹೆಸರು ಮೇಲಿದೆ, ನನ್ನದು ಕೆಳಗೆ, ಬೇಡವೆಂದರೆ ಈಗಲೇ ಹೇಳು ಎಂದೆ. ಅವನ ಮನೆಯ ಪ್ರೆಷರ್ ಕುಕ್ಕರ್ ಎರಡು ಸಲ ಕೂಗಿದ್ದು ಕೇಳಿಸಿತು.

“ಪಿನ್ ಕೋಡ್ ಸರಿಯಾಗಿ ಬರೆದಿದ್ದೀಯಾ?” ಅಂದ.

“ಯಾವ ಮನೇದು?”

“ಎರಡರದ್ದೂ,” ಅಂದ ನನ್ನ ತಮ್ಮ.