ಗೋಡೆಯ ಮೇಲಿನ ಅಂಪಾರೊ

ಲೋಲಾ ಇಸ್ಯಾಂಗಳ ಮನೆಗೂ ನಮ್ಮ ಮನೆಗೂ ನಡುವೆ ಇರುವುದು ಒಂದು ಬಿದಿರಿನ ಬೇಲಿ. ಲೋಲಾ ಅಂದರೆ ನಮ್ಮಲ್ಲಿ ಅಜ್ಜಿ. ಅಲ್ಲಿ ಯಾರು ಕೆಮ್ಮಿದರೂ ಇಲ್ಲಿ ಕೇಳುತ್ತದೆ. ಹಾಗಾಗಿ ಅವಳ ಮೊಮ್ಮಗಳು ನೆರಿಸಾಳ ಆ ಕ್ರಿಸ್‌ಮಸ್ ರಜೆಯನ್ನು ಅರ್ಧ ನಾನೇ ಕಣ್ಣಾರೆ ನೋಡಿದೆ. ಉಳಿದರ್ಧ ಅವಳು ಎಷ್ಟೋ ಕಾಲದ ಮೇಲೆ ಹೇಳಿದ್ದು.

ಆಗ ಅವಳಿಗೆ ಹತ್ತೊಂಬತ್ತು. ಇಲೊಯ್ಲೊ ಪಟ್ಟಣದಲ್ಲಿ ಟೀಚರ್ ಆಗಲು ಓದುತ್ತಿದ್ದಳು. ಅಪ್ಪ ಅಮ್ಮ ದಕ್ಷಿಣದ ಮಿಂದನಾವೊ ದ್ವೀಪದಲ್ಲಿ ಜೋಳ ಬೆಳೆಯುತ್ತಿದ್ದರು. ಅಷ್ಟು ದೂರ ಹಡಗಿನಲ್ಲಿ ಹೋಗಿ ಬರುವುದರೊಳಗೆ ರಜೆಯೇ ಮುಗಿದುಹೋಗುತ್ತದೆ ಅಂತ ಪ್ರತಿ ಡಿಸೆಂಬರ್‌ನಲ್ಲೂ ದೋಣಿ ಹತ್ತಿ ನಮ್ಮ ಗಿಮಾರಾಸ್ ದ್ವೀಪಕ್ಕೆ, ಅಜ್ಜಿಯ ಮನೆಗೆ ಬಂದುಬಿಡುತ್ತಿದ್ದಳು. ಬರುವಾಗ ಬಟ್ಟೆಯ ಚೀಲ ಒಂದು, ಪುಸ್ತಕದ ಚೀಲ ಒಂದು. ಎರಡನೆಯದೇ ಭಾರ. ಹಾಸ್ಟೆಲಿನ ಹುಡುಗಿಯರ ಹತ್ತಿರ ಅದಲು ಬದಲು ಮಾಡಿಕೊಂಡ ಕಾದಂಬರಿಗಳು. ಹರೆಯದವರ ಕಥೆಗಳು, ಮೊದಲ ಪ್ರೀತಿಯವು, ಮನೆ ಬಿಟ್ಟು ಓಡಿಹೋದವರವು.

"ಇವಳನ್ನ ಮದುವೆ ಆಗೋನು ಮೊದಲು ಬೈಂಡಿಂಗ್ ಹಾಕಿಸ್ಕೊಂಡು ಬರ್ಬೇಕು, ಇಲ್ದಿದ್ರೆ ಕಣ್ಣೆತ್ತಿ ನೋಡಲ್ಲ," ಅಂತ ಅವಳ ಸೋದರಮಾವ ತಿಯೊ ಬೊನಿಂಗ್ ಅನ್ನುತ್ತಿದ್ದ. ಮನೆ ತುಂಬ ನಗು. ಅವಳೂ ನಗುತ್ತಿದ್ದಳು, ಬೆರಳನ್ನು ಪುಟದ ನಡುವೆ ಇಟ್ಟುಕೊಂಡೇ.

ಓದಿನಲ್ಲಿ ಅವಳಿಗೆ ಜೊತೆ ಅಂತ ಇದ್ದವಳು ಬೊನಿಂಗನ ಮಗಳು ಗ್ಲೆಂಡಾ ಒಬ್ಬಳೇ. ಎರಡು ವರ್ಷಕ್ಕೆ ದೊಡ್ಡವಳು, ಹಾಗಾಗಿ ಇವಳಿಗೆ 'ಮನಾಂಗ್', ಅಕ್ಕ. ಚಿಕ್ಕಂದಿನಿಂದ ಪ್ರತಿ ಕ್ರಿಸ್‌ಮಸ್‌ಗೂ ಇಬ್ಬರೂ ಮಹಡಿಯ ಮೂಲೆಯಲ್ಲಿ ಒಂದೇ ಚಾಪೆಯ ಮೇಲೆ ಬೋರಲು ಬಿದ್ದು, ಒಂದೇ ಪುಸ್ತಕವನ್ನು ಒಟ್ಟಿಗೆ ಓದುತ್ತಿದ್ದರು. ಯಾರು ಮೊದಲು ಪುಟ ಮುಗಿಸುತ್ತಾರೋ ಅವರು ಕಾಯಬೇಕು. ಯಾವಾಗಲೂ ಕಾಯುತ್ತಿದ್ದವಳು ನೆರಿಸಾ. ಆ ವರ್ಷದ ಮೇ ತಿಂಗಳಲ್ಲಿ ಗ್ಲೆಂಡಾಗೆ ಮದುವೆಯಾಯಿತು, ಆಂಟಿಕೆ ಕಡೆಯ ಎರ್ನಿ ಅನ್ನುವವನ ಜೊತೆ. ಅವನದು ಮೊಳೆ, ಸಿಮೆಂಟಿನ ಅಂಗಡಿ. ಡಿಸೆಂಬರ್‌ಗೆ ಅವಳು ಏಳು ತಿಂಗಳ ಬಸುರಿ. "ಆದ್ರೂ ಬಂದೇ ಬರ್ತಾಳೆ," ಅಂತ ಲೋಲಾ ಹೇಳಿ ಕಳಿಸಿದ್ದಳು. ನೆರಿಸಾ ಆ ಸಲದ ಚೀಲದಲ್ಲಿ ಒಂದು ದಪ್ಪ ಕಾದಂಬರಿಯನ್ನು ಬೇರೆಯಾಗಿ ಸುತ್ತಿಟ್ಟುಕೊಂಡು ಬಂದಳು. ಅದು ಇಬ್ಬರಿಗೆ. ಅದನ್ನು ತೆರೆದೂ ನೋಡಿರಲಿಲ್ಲ.

ಕ್ರಿಸ್‌ಮಸ್‌ಗೆ ಮುಂಚಿನ ಒಂಬತ್ತು ದಿನದ ಮುಂಜಾವಿನ ಪೂಜೆಗಳು ಶುರುವಾದ ಎರಡನೇ ದಿನವೇ ಚರ್ಚಿನಿಂದ ಬಂದವಳಿಗೆ ಮೈ ಕಾದಿತ್ತು. ಸ್ನಾನಕ್ಕೆ ಹೋದಾಗ ಹೊಟ್ಟೆಯ ಮೇಲೆ ನೀರು ತುಂಬಿದ ಗುಳ್ಳೆಗಳು ಕಂಡವು. ಲೋಲಾ ಅವಳನ್ನು ಬಾಗಿಲ ಬೆಳಕಿಗೆ ತಿರುಗಿಸಿ, ಅಂಗಿ ಎತ್ತಿ ನೋಡಿದಳು.

"ಸೀತಾಳೆ ಸಿಡುಬು," ಅಂದಳು. "ಚಿಕ್ಕವಳಿದ್ದಾಗ ನಿಂಗೆ ಆಗಿರ್ಲಿಲ್ವಾ?"

"ನಂಗೇನ್ ಗೊತ್ತು ಲೋಲಾ."

"ಗ್ಲೆಂಡಾ ಇನ್ನು ನಾಲ್ಕೈದು ದಿನಕ್ಕೆ ಬರ್ತಾಳೆ. ಬಸುರಿ. ಅವಳಿಗೂ ಆಗಿಲ್ಲ, ಅದು ನಂಗೆ ಗೊತ್ತು."

ಅಷ್ಟೇ. ಯಾರೂ ಬೈಯಲಿಲ್ಲ, ಯಾರೂ ಗಲಾಟೆ ಮಾಡಲಿಲ್ಲ. ಮಧ್ಯಾಹ್ನದ ಹೊತ್ತಿಗೆ ಹಿತ್ತಿಲ ಮಾವಿನ ಮರದ ಕೆಳಗಿನ ಗುಡಿಸಲಿನಿಂದ ಹಣ್ಣಿನ ಬುಟ್ಟಿಗಳನ್ನು ಹೊರಗೆ ಹಾಕಿ, ಬಿದಿರಿನ ಮಂಚ ಒರೆಸಿ, ನೆರಿಸಾಳನ್ನು ಅಲ್ಲಿಗೆ ಕಳಿಸಿದರು. ಆ ಗುಡಿಸಲು ಲೋಲಾಳ ತಂಗಿ ತಿಯಾ ಪಿಲಾಂಗಳದು. ಮದುವೆಯಾಗದೆ ಅಲ್ಲೇ ಬದುಕಿ ಅಲ್ಲೇ ತೀರಿಕೊಂಡವಳು. ನಾನು ಹುಡುಗನಾಗಿದ್ದಾಗ ಅವಳನ್ನು ನೋಡಿದ್ದೇನೆ. ಹೊರಗೆ ಬರುತ್ತಿದ್ದುದೇ ಅಪರೂಪ.

ನೆರಿಸಾ ನನಗೆ ಹೇಳಿದ ಪ್ರಕಾರ, ಮೊದಲ ದಿನ ಜ್ವರದಲ್ಲೂ ಅವಳಿಗೆ ಒಳಗೊಳಗೇ ಖುಷಿ. ತೆಂಗಿನಕಾಯಿ ತುರಿ ಬಾ ಅನ್ನುವವರಿಲ್ಲ, ಅಕ್ಕಿ ಆರಿಸು ಅನ್ನುವವರಿಲ್ಲ. ಮಂಚದ ಕೆಳಗೆ ಪುಸ್ತಕದ ಚೀಲ.

"ಓದ್ಬೇಡ, ಕಣ್ಣಿಗೆ ಇಳಿಯುತ್ತೆ," ಅಂದಳು ಲೋಲಾ, ಪೇರಲೆ ಎಲೆ ಕುದಿಸಿದ ನೀರು ತಂದಿಡುತ್ತಾ. ಅವಳಿಗೆ ಈ ಕಾಯಿಲೆ ಬಾಲ್ಯದಲ್ಲೇ ಬಂದು ಹೋಗಿತ್ತು, ಅದಕ್ಕೆ ಅವಳೊಬ್ಬಳೇ ಒಳಗೆ ಬರುತ್ತಿದ್ದುದು.

"ಓದಲ್ಲ ಲೋಲಾ."

ಲೋಲಾಳ ಚಪ್ಪಲಿ ಸದ್ದು ದೂರವಾಗುತ್ತಿದ್ದ ಹಾಗೇ ಪುಸ್ತಕ ಹೊರಗೆ ಬರುತ್ತಿತ್ತು. ತುರಿಕೆ ತಡೆಯಲಾಗದಾಗ ಎರಡೂ ಕೈಯಲ್ಲಿ ಪುಸ್ತಕ ಬಿಗಿಯಾಗಿ ಹಿಡಿದುಕೊಳ್ಳುತ್ತಿದ್ದಳು, ಕೆರೆದುಕೊಳ್ಳಬಾರದು ಅಂತ. ಒಂದರ ಹಿಂದೆ ಒಂದು ಮುಗಿಯುತ್ತಾ ಹೋದವು. ಮನೆಯಲ್ಲಿದ್ದಾಗ ಯಾರೋ ಕರೆದು, ಎಲ್ಲಿಗೋ ಓಡಿಸಿ, ಒಂದು ಕಾದಂಬರಿಗೆ ಒಂದು ವಾರ ಬೇಕಾಗುತ್ತಿತ್ತು. ಇಲ್ಲಿ ಕೆಲಸದ ನಡುವೆ ಕದ್ದು ಓದುವ ಸುಖವೂ ಇಲ್ಲ, ನಿಲ್ಲಿಸಿ ಯೋಚಿಸುವುದಕ್ಕೆ ನೆಪವೂ ಇಲ್ಲ. ಕಥೆಗಳು ನಾಲಿಗೆಗೆ ರುಚಿ ತಾಗದೆ ಇಳಿದುಹೋದವು. ಜ್ವರ ಬಿಡುವ ಹೊತ್ತಿಗೆ ಚೀಲದಲ್ಲಿ ಉಳಿದದ್ದು ಆ ಇಬ್ಬರ ಪುಸ್ತಕ ಮಾತ್ರ. ಅದನ್ನು ಅವಳು ಮುಟ್ಟಲಿಲ್ಲ.

ಆಗಲೇ ಅವಳ ಕಣ್ಣು ಗೋಡೆಯ ಮೇಲೆ ಬಿದ್ದದ್ದು. ಬಿದಿರು ತಟ್ಟಿಯ ಸಂದಿಗಳಿಂದ ಗಾಳಿ ಬರದ ಹಾಗೆ ಪಿಲಾಂಗ್ ಹಳೇ ವಾರಪತ್ರಿಕೆಗಳ ಹಾಳೆ ಅಂಟಿಸಿದ್ದಳು. ನಮ್ಮಲ್ಲಿ ಎಲ್ಲರೂ ಮಾಡುವುದೇ. ಬಾಗಿಲ ಹತ್ತಿರ ಸಾಬೂನಿನ ಜಾಹೀರಾತು, ಬಿಷಪ್ಪರ ಫೋಟೋ, ತಲೆಕೆಳಗಾದ ಅಡುಗೆ ಸಲಹೆ. ಆದರೆ ಮಂಚದ ಪಕ್ಕದ ಗೋಡೆ ಹಾಗಿರಲಿಲ್ಲ. ಮಲಗಿದವರ ಕಣ್ಣಿಗೆ ಸರಿಯಾಗಿ, ಕೆಳಗೆ, ಒಂದು ಧಾರಾವಾಹಿಯ ಹಾಳೆಗಳು ಸಾಲಾಗಿದ್ದವು. ತಲೆಯ ಕಡೆಯಿಂದ ಕಾಲಿನ ಕಡೆಗೆ, ವಾರದ ನಂತರ ವಾರ. ನಮ್ಮದೇ ಭಾಷೆಯಲ್ಲಿ, ಹಿಲಿಗಾಯ್‌ನೊನ್‌ನಲ್ಲಿ. ಅಲ್ಲಲ್ಲಿ ಜಿರಲೆ ತಿಂದಿದ್ದರೂ ಓದಬಹುದಿತ್ತು.

ಕಥೆ ಅಂಪಾರೊ ಅನ್ನುವ ಹುಡುಗಿಯದು. ಕಬ್ಬು ಕಡಿಯಲು ನೀಗ್ರೊಸ್ ದ್ವೀಪಕ್ಕೆ ಹೋದ ಅಣ್ಣನ ಸುದ್ದಿಯಿಲ್ಲ. ಅವನನ್ನು ಹುಡುಕಿಕೊಂಡು ಅವಳು ಒಬ್ಬಳೇ ದೋಣಿ ಹತ್ತುತ್ತಾಳೆ, ಆದರೆ ತಪ್ಪು ದೋಣಿ. ನೆರಿಸಾ ಮಂಚದ ಮೇಲೆ ತಲೆ ದಿಂಬು ಸರಿಸಿಕೊಳ್ಳುತ್ತಾ, ಕಥೆಯ ಜೊತೆ ತಾನೂ ಕಾಲಿನ ಕಡೆಗೆ ಜಾರುತ್ತಾ ಓದಿದಳು. ಕೊನೆಯ ಹಾಳೆಯಲ್ಲಿ ಅಂಪಾರೊ ಒಂದು ತೋಟದ ಗೇಟಿನ ಮುಂದೆ ನಿಂತಿದ್ದಾಳೆ. ಕಾವಲಿನವನು "ಯಾರು ಬೇಕು?" ಅಂತ ಕೇಳುತ್ತಾನೆ. ಅಲ್ಲಿಗೆ ಗೋಡೆ ಮುಗಿದಿತ್ತು. ಆಚೆ ಬಾಗಿಲಿನ ಚೌಕಟ್ಟು.

ಗ್ಲೆಂಡಾ ಬಂದದ್ದು ಇಡೀ ಊರಿಗೇ ಗೊತ್ತಾಯಿತು, ಅವಳನ್ನು ಕರೆತಂದ ಜೀಪು ಮಾಡಿದ ಹಾರ್ನ್ ಸದ್ದಿಗೆ. ಮರುದಿನ ಮಧ್ಯಾಹ್ನ ಅವಳು ಗಂಡನ ಕೈಲಿ ಕುರ್ಚಿ ಹಾಕಿಸಿಕೊಂಡು ಹಿತ್ತಿಲ ಆ ತುದಿಯ ಕೈಮಿತೊ ಮರದ ಕೆಳಗೆ ಬಂದು ಕೂತಳು. ಗುಡಿಸಲಿನ ಕಿಟಕಿಗೂ ಅಲ್ಲಿಗೂ ನಡುವೆ ಬಾವಿ, ಬಟ್ಟೆ ಒಣಗುವ ಹಗ್ಗ.

"ಏನೇ ಇಂದಾಯ್, ಮುಖ ತೋರ್ಸೆ!" ಅಂತ ಕೂಗಿದಳು. ಚಿಕ್ಕ ಹುಡುಗಿಯರನ್ನು ನಮ್ಮಲ್ಲಿ ಪ್ರೀತಿಯಿಂದ ಹಾಗೇ ಕರೆಯುವುದು.

"ಬೇಡ ಮನಾಂಗ್. ಹಲಸಿನ ಹಣ್ಣಿನ ಥರ ಆಗಿದೀನಿ."

"ಮೊದಲು ಹೇಗಿದ್ದೆ ಮತ್ತೆ?"

ಇಬ್ಬರೂ ನಕ್ಕರು. ಬೇಲಿಯಾಚೆ ನನಗೂ ನಗು ಬಂತು. ಗ್ಲೆಂಡಾ ಹೊಟ್ಟೆಯ ಮೇಲೆ ಕೈ ಇಟ್ಟುಕೊಂಡು, ಒದೆಯುತ್ತೆ ಅಂದಳು. ಅತ್ತೆ ಅಂಗಡಿಯ ಗಲ್ಲಾಪೆಟ್ಟಿಗೆಯನ್ನು ತನಗೇ ಬಿಟ್ಟಿದ್ದಾಳೆ ಅಂದಳು.

"ನಮ್ ಪುಸ್ತಕ ತಂದಿದೀನಿ," ಅಂದಳು ನೆರಿಸಾ. "ಆದ್ರೆ ಇಲ್ಲಿಂದ ಏನನ್ನೂ ಹೊರಗೆ ಕೊಡ್ಬಾರ್ದಂತೆ."

"ಅಯ್ಯೋ, ಈಗ ಎಲ್ಲಿ ಓದೋದು ಬಿಡೆ. ಎರಡು ಸಾಲು ಓದೋಷ್ಟ್ರಲ್ಲಿ ನಿದ್ದೆ."

ನೆರಿಸಾ ಗೋಡೆಯ ಕಡೆ ಒಮ್ಮೆ ತಿರುಗಿ ನೋಡಿದಳು. ಆಮೇಲೆ, "ನಾನು ಓದಿ ಹೇಳ್ಲಾ? ಇಲ್ಲಿ ಗೋಡೆ ಮೇಲೊಂದು ಕಥೆ ಇದೆ," ಅಂದಳು.

ಹಾಗೆ ಆ ಮಧ್ಯಾಹ್ನ ಅವಳು ಮಂಚದ ಮೇಲೆ ಮಂಡಿಯೂರಿ, ಗೋಡೆ ನೋಡಿ ಒಂದೊಂದು ಪ್ಯಾರಾ ಓದಿಕೊಂಡು, ಕಿಟಕಿಗೆ ತಿರುಗಿ ಕೂಗಿ ಕೂಗಿ ಹೇಳಿದಳು. ಅಂಪಾರೊ ದೋಣಿ ಹತ್ತುವವರೆಗೆ ನಡೆಯಿತು. "ಮುಂದೆ?" ಅಂತ ಗ್ಲೆಂಡಾ ಎರಡು ಸಲ ಕೇಳಿದಳು. ನಾನು ಬಲೆ ಹೊಲಿಯುವುದನ್ನು ನಿಲ್ಲಿಸಿ ಕೇಳುತ್ತಿದ್ದೆ.

ಮರುದಿನ ಕ್ರಿಸ್‌ಮಸ್ ಹಿಂದಿನ ದಿನ. ಗ್ಲೆಂಡಾ ಬಂದು ಕೂತಳು, ಆದರೆ ಕೈಯಲ್ಲಿ ಬಾಳೆ ಎಲೆಯ ಕಂತೆ, ಸಿಹಿ ಅನ್ನ ಸುತ್ತುವ ಕೆಲಸ. ಕಥೆಯಲ್ಲಿ ಅಂಪಾರೊಳ ದೋಣಿ ನೀಗ್ರೊಸ್ ಬದಲು ಬೇರೆಲ್ಲೋ ಹೋಗಿ ನಿಂತಾಗ ನೆರಿಸಾ ಕಿಟಕಿಗೆ ತಿರುಗಿದರೆ, ಗ್ಲೆಂಡಾ ತಲೆ ವಾಲಿಸಿ ನಿದ್ದೆ ಹೋಗಿದ್ದಳು. ಸ್ವಲ್ಪ ಹೊತ್ತಿಗೆ ಎರ್ನಿ ಬಂದು, "ಏಳು, ಒಳಗೆ ಮಲಗು," ಅಂತ ಎಬ್ಬಿಸಿ ಕರೆದುಕೊಂಡು ಹೋದ. ಹೋಗುವಾಗ ಕಿಟಕಿಯ ಕಡೆಗೆ ಮರ್ಯಾದೆಯಿಂದ ತಲೆ ಬಾಗಿಸಿದ. ಪಾಪ, ಒಳ್ಳೆಯ ಹುಡುಗ.

ಕ್ರಿಸ್‌ಮಸ್ ದಿನ ಬೆಳಗ್ಗೆ ನೆರಿಸಾ ಎದ್ದಾಗ ಸ್ಟೂಲಿನ ಮೇಲೆ ಬಾಳೆ ಎಲೆ ಮುಚ್ಚಿದ ತಟ್ಟೆ ಇತ್ತು. ಹಂದಿ ಮಾಂಸ, ಹಳದಿ ಅನ್ನ, ತಣ್ಣಗಾದ ನೂಡಲ್ಸ್. ಎಲ್ಲರೂ ಒಂದೊಂದು ತುಂಡು ಅವಳಿಗೆ ಅಂತ ಎತ್ತಿಟ್ಟಿದ್ದರು, ತಟ್ಟೆ ತುಂಬಿ ಹೊರಗೆ ಚೆಲ್ಲುವಷ್ಟು. ಮನೆಯಲ್ಲಿ ಗಿಟಾರ್, ಮಕ್ಕಳ ಕಿರುಚಾಟ, ಬೊನಿಂಗನ ಕುಡಿದ ದನಿ. ಮಕ್ಕಳಿಗೆ ಬಾವಿಯಿಂದ ಈಚೆ ಬರಬಾರದು ಅಂತ ಹೇಳಿದ್ದರು. ಅವರು ಬಾವಿಯ ಹತ್ತಿರ ನಿಂತು ಕೈ ಬೀಸಿ, ಅವಳು ಕೈ ಬೀಸಿದ ಕೂಡಲೇ ಹೆದರಿ ಓಡಿಹೋಗುತ್ತಿದ್ದರು. ಅದೇ ಅವರಿಗೊಂದು ಆಟವಾಯಿತು.

ಗ್ಲೆಂಡಾ ಆ ದಿನ ಮರದ ಕೆಳಗೆ ಬರಲಿಲ್ಲ. ಮರುದಿನವೂ ಬರಲಿಲ್ಲ. ಅಡುಗೆಮನೆಯಿಂದ ಅವಳ ನಗು ಕೇಳುತ್ತಿತ್ತು. ನೆರಿಸಾ ಕಿಟಕಿಯಲ್ಲೇ ಕೂತಿದ್ದಳು, ಕುರ್ಚಿ ಖಾಲಿ ಇತ್ತು, ಒಂದು ಕೋಳಿ ಅದರ ಮೇಲೆ ಹತ್ತಿ ಇಳಿಯಿತು. ಕೊನೆಗೆ ಅವಳು ಸುತ್ತಿಟ್ಟ ಕಾಗದ ಬಿಚ್ಚಿ ಆ ದಪ್ಪ ಪುಸ್ತಕವನ್ನು ಮೊದಲಿನಿಂದ ಕೊನೆಯವರೆಗೆ ಒಬ್ಬಳೇ ಓದಿದಳು. ಚೆನ್ನಾಗಿತ್ತಾ ಅಂತ ನಾನು ಕೇಳಿದ್ದಕ್ಕೆ, "ತುಂಬ ಚೆನ್ನಾಗಿತ್ತು, ಅದೇ ಕಷ್ಟ ಆಗಿದ್ದು," ಅಂದಳು.

ಗ್ಲೆಂಡಾ ಹೊರಡುವ ದಿನ ಬಾವಿಯ ತನಕ ಬಂದಳು.

"ಬೇಗ ವಾಸಿ ಮಾಡ್ಕೋ ಇಂದಾಯ್. ಮಗು ಹುಟ್ಟಿದ್ಮೇಲೆ ಬಾ, ಆಯ್ತಾ?"

"ಬರ್ತೀನಿ ಮನಾಂಗ್."

ಅಂಪಾರೊ ಏನಾದಳು ಅಂತ ಅವಳು ಕೇಳಬಹುದು ಅಂತ ನೆರಿಸಾ ಕಾದಳು. ಕೇಳಿದ್ದರೂ ಹೇಳುವುದಕ್ಕೆ ಇವಳ ಹತ್ತಿರ ಕೊನೆ ಇರಲಿಲ್ಲ. ಆದರೂ ಕಾದಳು. ಜೀಪಿನ ಹಾರ್ನ್ ಆಯಿತು, ಗ್ಲೆಂಡಾ ಸೊಂಟ ಹಿಡಿದುಕೊಂಡು ನಿಧಾನವಾಗಿ ಹೋದಳು.

ಅದೇ ದಿನ ಸಂಜೆ ಲೋಲಾ ಗಂಜಿ ತಂದಾಗ ನೆರಿಸಾ ಕೇಳಿದಳು: "ಲೋಲಾ, ಈ ಗೋಡೆಯ ಕಥೆಯ ಕೊನೆ ಏನು? ತಿಯಾ ಪಿಲಾಂಗ್ ಯಾವತ್ತಾದ್ರೂ ಹೇಳಿದ್ಲಾ?"

ಲೋಲಾ ಗೋಡೆಯನ್ನು ಹೊಸದಾಗಿ ನೋಡುವವಳ ಹಾಗೆ ನೋಡಿದಳು. ಅವಳಿಗೆ ಅಕ್ಷರ ಬರುತ್ತಿತ್ತು, ಆದರೆ ಕನ್ನಡಕ ಮನೆಯಲ್ಲಿತ್ತು.

"ಇದು ಕಥೆನಾ?" ಅಂದಳು. "ಗಾಳಿಗೆ ಅಡ್ಡ ಅಂಟಿಸಿದಾಳೆ ಅನ್ಕೊಂಡಿದ್ದೆ."

"ನೀನು ಕೇಳ್ಲೇ ಇಲ್ವಾ, ಏನ್ ಓದ್ತೀಯ ಅಂತ?"

"ನಂಗೆ ಆರು ಮಕ್ಕಳು ಇಂದಾಯ್. ಅವಳು ಊಟಕ್ಕೆ ಬರೋಳು, ಪಾತ್ರೆ ತೊಳೆಯೋಳು, ಇಲ್ಲಿಗೆ ಬಂದ್ಬಿಡೋಳು. ಕೇಳ್ಬೇಕು ಅಂತ ಹೊಳೀಲೇ ಇಲ್ಲ." ಗಂಜಿಯ ಬಟ್ಟಲನ್ನು ಸುಮ್ಮನೆ ತಿರುಗಿಸುತ್ತಾ ಕೂತಳು. "ಅವಳೂ ಹೇಳ್ಲಿಲ್ಲ ನೋಡು."

ಮರುದಿನ ಅವಳು ಕನ್ನಡಕ ಹಾಕಿಕೊಂಡು ಬಂದು ಮಂಚದ ತುದಿಯಲ್ಲಿ ಕೂತು, "ಎಲ್ಲಿಂದ ಶುರು?" ಅಂದಳು. ನೆರಿಸಾ ತಲೆಯ ಕಡೆ ತೋರಿಸಿದಳು. ಲೋಲಾ ಗೋಡೆಗೆ ಮೂಗು ತಾಗಿಸಿ, ತುಟಿ ಅಲ್ಲಾಡಿಸುತ್ತಾ ಓದಿದಳು. ಎರಡು ಹಾಳೆ ಆಗುವಷ್ಟರಲ್ಲಿ ಬೆನ್ನು ನೋವು ಅಂತ ಎದ್ದಳು. ಉಳಿದದ್ದನ್ನು ನೆರಿಸಾ ಓದಿ ಹೇಳಲಾ ಅಂದರೆ ಬೇಡ ಅಂದಳು. "ಇಷ್ಟು ಸಾಕು. ಪಿಲಾಂಗಳ ದನಿ ನೆನಪಾಗತ್ತೆ," ಅಂದಳು.

ಗುಳ್ಳೆಗಳು ಒಣಗಿ ಉದುರಿ ನೆರಿಸಾ ಹೊರಗೆ ಬಂದಾಗ ಮನೆ ಖಾಲಿ. ಬೊನಿಂಗನ ಸಂಸಾರವೂ ಹೋಗಿಯಾಗಿತ್ತು. ಮೇಜಿನ ಮೇಲೆ ಯಾರೂ ತಿನ್ನದ ಹಣ್ಣಿನ ಕೇಕು, ಕಿಟಕಿಯಲ್ಲಿ ಒಂದು ಮೂಲೆ ಹರಿದ ಕಾಗದದ ನಕ್ಷತ್ರ. ಹಾಸಿಗೆಗಳನ್ನು ಬಿಸಿಲಿಗೆ ಹಾಕುವುದು, ಬಾಡಿಗೆ ತಂದ ತಟ್ಟೆಗಳನ್ನು ಎಣಿಸಿ ಹಿಂದಿರುಗಿಸುವುದು, ಇಡೀ ದಿನ ಅಜ್ಜಿ ಮೊಮ್ಮಗಳು ಅದೇ ಮಾಡಿದರು. ಆ ಮನೆ ಅಷ್ಟು ಸದ್ದಿಲ್ಲದೆ ಇದ್ದದ್ದನ್ನು ಅದಕ್ಕೆ ಮುಂಚೆ ನಾನು ಕೇಳಿಯೇ ಇರಲಿಲ್ಲ.

ಹೊಸ ವರ್ಷದ ಬೆಳಗ್ಗೆ ಇಬ್ಬರೂ ಪೂಜೆಗೆ ಬಂದರು. ನೆರಿಸಾ ಆ ಸೆಕೆಯಲ್ಲೂ ಉದ್ದ ತೋಳಿನ ಅಂಗಿ ಹಾಕಿದ್ದಳು. ಆದರೂ ಮುಖದ ಮೇಲಿನ ಕಲೆಗಳು ಕಾಣುತ್ತಿದ್ದವು. ಅವಳು ಕೂತ ಬೆಂಚಿನಲ್ಲಿದ್ದವರು ಪ್ರಾರ್ಥನೆ ಪುಸ್ತಕ ಹುಡುಕುವವರ ಹಾಗೆ, ಒಬ್ಬೊಬ್ಬರಾಗಿ ಆ ಕಡೆಗೆ ಸರಿದರು. ನೆರಿಸಾ ಕೈ ಮಡಿಲಲ್ಲಿಟ್ಟುಕೊಂಡು ಮುಂದೆ ನೋಡುತ್ತಿದ್ದಳು. ಲೋಲಾ ಮಾತ್ರ ತನ್ನ ಚೀಲವನ್ನು ನೆಲದ ಮೇಲಿಟ್ಟು, ಇನ್ನಷ್ಟು ಹತ್ತಿರ ಸರಿದು, ಭುಜಕ್ಕೆ ಭುಜ ತಾಗಿಸಿ ಕೂತಳು.