ಮೈದುನ ಹೊರಗೆ ಕುಳಿತಿದ್ದ

ಆ ವರ್ಷ ಔರಾದ್ ಕಡೆಯ ನಮ್ಮೂರಲ್ಲಿ ಬಾವಿಗಳು ಬತ್ತಿ, ಅರ್ಧ ಊರು ಹೈದರಾಬಾದಿಗೆ ದುಡಿಯಲು ಹೋಗಿತ್ತು. ನನ್ನ ಗಂಡನೂ ಹೋಗಿದ್ದ. ಮದುವೆಯಾಗಿ ಎಷ್ಟೋ ವರ್ಷದ ಮೇಲೆ, ಕೂದಲು ನರೆಯುವ ಹೊತ್ತಿಗೆ, ನಾನು ಬಸುರಿ. ಟ್ಯಾಂಕರ್ ಬಂದರೆ ಮೈದುನನೇ ನೀರು ಹೊರುತ್ತಿದ್ದ. ನನಗೆ ಕೊಡ ಮುಟ್ಟಗೊಡುತ್ತಿರಲಿಲ್ಲ. ಮೂವತ್ತು ದಾಟಿದ್ದರೂ ಅವನ ಮಾತು ಮಗುವಿನದು. ಮದುವೆಗೆ ಮುಂಚೆ ನಮ್ಮ ತಂದೆ ಗಂಡಿನ ಮನೆ ನೋಡಲು ಬಂದಾಗ ಅತ್ತೆ ಅವನನ್ನು ಭಾಲ್ಕಿ ಕಡೆಯ ಹಲಬರ್ಗಾಕ್ಕೆ, ಬಂಧುಗಳ ಮನೆಗೆ ಸಾಗಹಾಕಿದ್ದರು. ಅಂಥವರನ್ನು ಬೀಗರ ಕಣ್ಣಿಗೆ ಬೀಳಿಸಬಾರದೆಂಬುದು ನಮ್ಮ ಕಡೆಯ ರೂಢಿ. ಅವನೊಬ್ಬ ಇದ್ದಾನೆಂದು ನನಗೆ ತಿಳಿದದ್ದು ತಲೆಯ ಮೇಲೆ ಅಕ್ಕಿಕಾಳು ಬಿದ್ದು ಮದುವೆ ಮುಗಿದ ಮೇಲೆಯೇ.

ಬೀದರಿನ ಡಾಕ್ಟರಮ್ಮ ನನ್ನ ರಕ್ತಪರೀಕ್ಷೆ ನೋಡಿ, ಮಗುವಿನ ವರ್ಣತಂತುಗಳಲ್ಲಿ ಏರುಪೇರಿರುವ ಸಂಭವ ಹೆಚ್ಚು, ಡೌನ್ ಸಿಂಡ್ರೋಮ್ ಇರಬಹುದು ಎಂದರು. ಖಚಿತವಾಗಬೇಕಾದರೆ ಹೊಟ್ಟೆಗೆ ಸೂಜಿ ಹಾಕಿ ಗರ್ಭದ ನೀರು ತೆಗೆದು ಪರೀಕ್ಷಿಸಬೇಕು. ಅದರಿಂದ ಅಪರೂಪಕ್ಕೆ ಗರ್ಭವೇ ಹೋಗಬಹುದಂತೆ. ಗೊತ್ತಾದರೆ ಸಜ್ಜಾಗಬಹುದು, ಇಲ್ಲವೇ ಬಸಿರು ಬೇಡವೆನ್ನಬಹುದು; ಗೊತ್ತಾಗದಿದ್ದರೆ ಹೆರುವ ತನಕ ಎದೆ ಡವಡವ. ಗಂಡ ಫೋನಿನಲ್ಲಿ "ನಿನಗ ತಿಳಿದಂಗ ಮಾಡು" ಅಂದು ಕೈ ತೊಳೆದುಕೊಂಡ. ಗಂಡಸರಿಗೆ ಎಷ್ಟು ಸಲೀಸು! ತೂಗಿ ತೂಗಿ ನನಗೆ ಸಾಕಾಗಿತ್ತು. ಜೊತೆಗೆ ಬಂದ ಅತ್ತೆಯದು ಮಾತ್ರ ಒಂದೇ ಹಟ: "ಸೂಜಿ ಹಾಕ್ರಿ."

"ಮನೆತನದಾಗ ಯಾರಿಗರೆ ಹಿಂಗ ಅದ ಏನ್ರಿ?" ಡಾಕ್ಟರಮ್ಮ ಕೇಳಿದರು.

"ಯಾರೂ ಇಲ್ರಿ," ಎಂದರು ಅತ್ತೆ, ಥಟ್ಟನೆ.

ಬಾಗಿಲಾಚೆ ಬೆಂಚಿನ ಮೇಲೆ ಮೈದುನ ನಮ್ಮ ಚಪ್ಪಲಿ ಕಾಯುತ್ತ ಕುಳಿತಿದ್ದ. ನನಗೆ ಸಿಟ್ಟು ನೆತ್ತಿಗೇರಿತು.

"ಯಾಕ ಸುಳ್ಳ ಹೇಳ್ತೀರಿ? ಹೊರಗ ಕುಂತಾನಲ್ರಿ ನಿಮ್ಮ ಮಗ!"

ಅತ್ತೆ ಸೆರಗನ್ನು ಬಾಯಿಗೊತ್ತಿಕೊಂಡರು. "ನಾ ಸತ್ತ ಮ್ಯಾಲ ಅವ ನಿನ್ನ ಕೊಳ್ಳಾಗೇ ಬೀಳ್ತಾನವ್ವ. ಇಬ್ಬರನ್ನ ಹ್ಯಾಂಗ ಜೋಪಾನ ಮಾಡ್ತಿ? ಒಬ್ಬನ್ನ ಮಾಡೂದ್ರಾಗೇ ನನ್ನ ಜೀವ ಹೈರಾಣ ಆಗ್ಯದ."

ತನಗೆ ದಣಿವಾಗಿದೆ ಎಂದು ಅವರು ಎಂದೂ ಬಾಯಿಬಿಟ್ಟವರಲ್ಲ. ನನ್ನ ಸಿಟ್ಟು ಇಳಿದುಹೋಯಿತು.

ಸೂಜಿ ಬೇಡವೆಂದೆ. ಧೈರ್ಯವೇನಲ್ಲ, ಇದ್ದೊಂದು ಬಸಿರನ್ನು ಪಣಕ್ಕಿಡುವ ತ್ರಾಣ ಇರಲಿಲ್ಲ. ನನ್ನ ಜಾಗದಲ್ಲಿ ಇನ್ನೊಬ್ಬಳು ಹಾಕಿಸಿಕೊಂಡಿದ್ದರೆ ಅವಳನ್ನು ತಪ್ಪೆನ್ನುತ್ತಿರಲಿಲ್ಲ.

ಔರಾದ್ ಬಸ್ಸಿನಲ್ಲಿ ಮೈದುನ ನನ್ನನ್ನು ಕಿಟಕಿಯ ಪಕ್ಕ ಕೂರಿಸಿ, ಯಾರೂ ತಾಗದಂತೆ ಅಡ್ಡ ನಿಂತ. ಎದುರಿನ ಹೆಂಗಸು ಅವನನ್ನೇ ದಿಟ್ಟಿಸಿ, "ಯಾರ್ರೀ ಈತ?" ಅಂದಳು.

ಅತ್ತೆ ಮೈದುನನ ತೋಳು ಹಿಡಿದುಕೊಂಡರು.

"ನನ್ನ ಸಣ್ಣ ಮಗ ರೀ," ಅಂದರು.